ಬೆರಳಿನ ಕೆಲಸವನ್ನೂ ಹೊತ್ತ ಕಣ್ಣು

ಶಿವಮೊಗ್ಗ ನಗರದಿಂದ ಉತ್ತರಾಭಿಮುಖವಾಗಿ ಹೊರಟು, ನವುಲೆಯ ಕೃಷಿ ಕಾಲೇಜನ್ನೂ ಎಂಜಿನಿಯರಿಂಗ್ ಕಾಲೇಜನ್ನೂ ಹಿಂದೆ ಬಿಟ್ಟು, ಸವಳಂಗದ ಮಾರ್ಗವಾಗಿ ಶಿಕಾರಿಪುರವನ್ನು ಸೇರುವ ದಾರಿಯನ್ನು ನಮ್ಮ ಜನರು ಸವಳಂಗ ರಸ್ತೆಯೆಂದು ಕರೆಯುತ್ತಾರೆ. ಬೆಳಗಿನ ಹೊತ್ತು ಈ ದಾರಿಯಲ್ಲಿ ಊರೊಳಕ್ಕೆ ಬರುವ ಬಸ್ಸುಗಳಲ್ಲಿ, ಕಾಲೇಜಿಗೆ ಹೊರಟ ಹುಡುಗ ಹುಡುಗಿಯರ ನಡುವೆ, ಮಗನ ತೋಳನ್ನೋ ಮೊಮ್ಮಗಳ ಭುಜವನ್ನೋ ಹಿಡಿದು ಕುಳಿತ ವೃದ್ಧರು ಇಲ್ಲದ ದಿನವಿರಲಾರದು. ಕಣ್ಣಿಗೆ ಪೊರೆ ಬಂದಿದೆ, ತೆಗೆಸಬೇಕು ಎಂಬುದೇ ಅವರಲ್ಲಿ ಅನೇಕರ ಪ್ರಯಾಣದ ಕಾರಣ. ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಗಾಗಲಿ, ತೀರ್ಥಹಳ್ಳಿ ರಸ್ತೆಯ ಹರಕೆರೆಯಲ್ಲಿರುವ ಶಂಕರ ಕಣ್ಣಿನ ಆಸ್ಪತ್ರೆಗಾಗಲಿ ಹೋಗಿ, ಪೊರೆಯನ್ನು ತೆಗೆಸಿ, ಕೃತಕ ಮಸೂರವನ್ನು ಹಾಕಿಸಿಕೊಂಡು, ಕಪ್ಪು ಕನ್ನಡಕ ಧರಿಸಿ ಇವರು ಊರಿಗೆ ಹಿಂತಿರುಗುತ್ತಾರೆ. ಒಂದು ಕಾಲಕ್ಕೆ ವೃದ್ಧಾಪ್ಯದ ಅನಿವಾರ್ಯ ಫಲವೆಂದು ತಲೆಬಾಗಿ ಒಪ್ಪಿಕೊಳ್ಳಬೇಕಾಗಿದ್ದ ಅಂಧತ್ವವು, ಅರ್ಧ ಗಂಟೆಗಿಂತ ಕಡಿಮೆ ಅವಧಿಯಲ್ಲಿ ಮುಗಿಯುವ ಒಂದು ಶಸ್ತ್ರಚಿಕಿತ್ಸೆಯಿಂದ ನಿವಾರಣೆಯಾಗುತ್ತಿರುವುದು ನಮ್ಮ ಕಾಲದ ಮಹೋಪಕಾರಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಉಪಕಾರವು ಯಾರಿಗೆ ಎಲ್ಲರಿಗಿಂತ ಮೊದಲು ಸಲ್ಲಬೇಕೋ ಅವರಿಗೆ ಬಹುಮಟ್ಟಿಗೆ ಎಲ್ಲರಿಗಿಂತ ಕೊನೆಗೆ ಸಲ್ಲುತ್ತದೆ. ಕುಷ್ಠರೋಗಕ್ಕೆ ತುತ್ತಾಗಿ, ಔಷಧವನ್ನು ಪೂರ್ತಿಯಾಗಿ ಸೇವಿಸಿ, ರೋಗಾಣುವಿನಿಂದ ಮುಕ್ತರಾಗಿ, ಆದರೂ ಆ ರೋಗವು ಕೈ, ಕಾಲು, ಕಣ್ಣುಗಳಲ್ಲಿ ಉಳಿಸಿ ಹೋದ ಹಾನಿಯೊಡನೆ ಬಾಳುತ್ತಿರುವ ವೃದ್ಧರ ವಿಷಯವನ್ನು ನಾನು ಹೇಳುತ್ತಿದ್ದೇನೆ. ಹತ್ತು ಸಾವಿರ ಜನರಲ್ಲಿ ಚಿಕಿತ್ಸೆ ಪಡೆಯುತ್ತಿರುವ ರೋಗಿಗಳ ಪ್ರಮಾಣವು ಒಂದಕ್ಕಿಂತ ಕಡಿಮೆಯಾದುದರಿಂದ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಈ ರೋಗವು ನಿರ್ಮೂಲವಾಯಿತೆಂದು ಭಾರತವು 2005ರ ಡಿಸೆಂಬರಿನಲ್ಲಿ ಘೋಷಿಸಿತು. ಆ ಘೋಷಣೆಯ ಅನಂತರವೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ದೇಶದಲ್ಲಿ ಪತ್ತೆಯಾಗುತ್ತಿದ್ದಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮವರೇ. ಇನ್ನು ಹಳೆಯ ರೋಗಿಗಳಾದರೋ, ಔಷಧ ಮುಗಿದೊಡನೆಯೇ ಚಿಕಿತ್ಸೆಯ ಪಟ್ಟಿಯಿಂದ ಹೊರಬಿದ್ದವರು, ಈ ಗಣನೆಯಲ್ಲಿ ಸೇರುವುದೇ ಇಲ್ಲ. ಅವರಿಗೆ ವಯಸ್ಸಾಗುತ್ತಿದೆ, ವಯಸ್ಸಾದ ಎಲ್ಲರಂತೆ ಅವರ ಕಣ್ಣಿಗೂ ಪೊರೆ ಬರುತ್ತಿದೆ. ಕುಷ್ಠರೋಗವನ್ನು ಅನುಭವಿಸಿದವರಲ್ಲಿ ಅಂಧತ್ವಕ್ಕೆ ಪ್ರಧಾನ ಕಾರಣವು ಇಂದು ಈ ಪೊರೆಯೇ ಆಗಿದೆ.

ಇವರಿಗೆ ಮೊದಲು ಸಲ್ಲಬೇಕೆಂದು ನಾನು ಏಕೆ ಹೇಳುತ್ತೇನೆಂಬುದನ್ನು ನಮ್ಮ ಸೀಮೆಯ ಒಂದು ಉದ್ಯೋಗದ ನಿದರ್ಶನದಿಂದ ವಿವರಿಸಬಹುದು. ಅಡಿಕೆಯ ಕೊಯ್ಲಿನ ಕಾಲದಲ್ಲಿ ಮಲೆನಾಡಿನ ಚಪ್ಪರಗಳ ಕೆಳಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ಹೆಂಗಸರನ್ನು ನೋಡಿದವರಿಗೆ ತಿಳಿದಿರುವಂತೆ, ಅವರ ಕಣ್ಣು ಎದುರಿಗೆ ಕುಳಿತವರ ಮಾತಿನ ಮೇಲೆಯೋ ಅಂಗಳದ ಮಗುವಿನ ಮೇಲೆಯೋ ಇರುತ್ತದೆ. ಕತ್ತಿಯ ಅಲಗು ಎಲ್ಲಿದೆ, ಕಾಯಿಯ ಸಿಪ್ಪೆ ಎಲ್ಲಿ ಬಿಟ್ಟಿತು ಎಂಬುದನ್ನು ನೋಡಿಕೊಳ್ಳುವುದು ಬೆರಳ ತುದಿಯ ಸ್ಪರ್ಶಜ್ಞಾನ. ಇಂಥ ಹೆಂಗಸಿಗೆ ಮುಪ್ಪಿನಲ್ಲಿ ಪೊರೆ ಬಂದರೆ, ಕಷ್ಟವಾಗುವುದು ನಿಜವಾದರೂ, ಆಕೆ ತಡವಿಕೊಂಡು ಬಚ್ಚಲಿಗೆ ಹೋಗಬಲ್ಲಳು, ಒಲೆಯ ಶಾಖವನ್ನು ದೂರದಿಂದಲೇ ಅರಿಯಬಲ್ಲಳು, ಕಾಲಿಗೆ ಮುಳ್ಳು ಚುಚ್ಚಿದರೆ ಆ ಕ್ಷಣವೇ ತಿಳಿಯಬಲ್ಲಳು. ಕುಷ್ಠರೋಗದಿಂದ ಕೈಕಾಲುಗಳ ನರಗಳು ಹತವಾದವಳ ಸ್ಥಿತಿಯಾದರೋ ಬೇರೆ. ಕೊಯ್ದರೂ ಸುಟ್ಟರೂ ಆಕೆಗೆ ಅರಿವಾಗದು. ಅಲಗು ಎಲ್ಲಿದೆಯೆಂಬುದನ್ನು ಕಣ್ಣೇ ಹೇಳಬೇಕು, ಪಾತ್ರೆ ಬಿಸಿಯಾಗಿದೆಯೆಂಬುದನ್ನು ಮೇಲೇಳುವ ಹಬೆಯನ್ನು ಕಂಡು ತಿಳಿಯಬೇಕು, ಪಾದದಡಿಯಲ್ಲಿ ಹುಣ್ಣಾಗಿದೆಯೋ ಎಂಬುದನ್ನು ಪ್ರತಿದಿನ ಸಂಜೆ ಕಾಲನ್ನು ತಿರುಗಿಸಿ ನೋಡಿಯೇ ನಿರ್ಧರಿಸಬೇಕು. ಆಕೆಯ ಚರ್ಮವು ಮಾಡಲಾರದ ಕೆಲಸವೆಲ್ಲವೂ ಆಕೆಯ ಕಣ್ಣಿನ ಪಾಲಿಗೆ ಬಂದಿದೆ. ಆ ಕಣ್ಣಿಗೆ ಪೊರೆ ಕವಿದಾಗ ಆಕೆಯನ್ನು ಕಾಯುವ ಇಂದ್ರಿಯವೇ ಉಳಿಯುವುದಿಲ್ಲ. ಅಂಧರಾದವರು ಬೆರಳಿನಿಂದ ಬ್ರೈಲ್ ಲಿಪಿಯನ್ನು ಓದುತ್ತಾರೆ, ಕೋಲಿನ ತುದಿಯಿಂದ ನೆಲವನ್ನು ಅರಿಯುತ್ತಾರೆ. ಈಕೆಗೆ ಆ ದಾರಿಗಳೂ ಮುಚ್ಚಿರುತ್ತವೆ.

ಕುಷ್ಠರೋಗಕ್ಕೆ ಮೂಲವಾದ ಕ್ರಿಮಿಯನ್ನು ನಾರ್ವೆ ದೇಶದ ಬರ್ಗೆನ್ ನಗರದ ವೈದ್ಯನಾದ ಗೆರ್ಹಾರ್ಡ್ ಆರ್ಮವರ್ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದನು. ಈ ಕ್ರಿಮಿಗೆ ಶರೀರದ ತಂಪಾದ ಭಾಗಗಳೆಂದರೆ ಪ್ರೀತಿ: ಮೂಗು, ಕಿವಿಯ ಹಾಲೆ, ಕೈಕಾಲುಗಳಲ್ಲಿ ಚರ್ಮಕ್ಕೆ ಸಮೀಪವಾಗಿ ಹರಿಯುವ ನರಗಳು, ಮತ್ತು ಗಾಳಿಗೆ ತೆರೆದುಕೊಂಡಿರುವುದರಿಂದ ಸದಾ ತಂಪಾಗಿರುವ ಕಣ್ಣಿನ ಮುಂಭಾಗ. ರೋಗವೇ ಬೆರಳುಗಳನ್ನು ಕೊಳೆಯಿಸಿ ಉದುರಿಸುತ್ತದೆಯೆಂಬ ಬಹುಕಾಲದ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ, ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿ ವೆಲ್ಲೂರಿನಲ್ಲಿ ಶಸ್ತ್ರವೈದ್ಯರಾಗಿದ್ದ ಪಾಲ್ ಬ್ರ್ಯಾಂಡ್ ಮುಖ್ಯರು. ಬೆರಳುಗಳು ನಶಿಸುವುದು ನೋವಿನ ಅರಿವಿಲ್ಲದ್ದರಿಂದ ಉಂಟಾಗುವ ಗಾಯಗಳ ದೆಸೆಯಿಂದ. ನಿದ್ರೆಯಲ್ಲಿದ್ದಾಗ ಇಲಿ ಕಚ್ಚಿದರೂ ಕೆಲವರಿಗೆ ಎಚ್ಚರವಾಗುತ್ತಿರಲಿಲ್ಲವೆಂಬುದನ್ನು ಅವರೂ ಅವರ ಸಹೋದ್ಯೋಗಿಗಳೂ ಕಂಡುಕೊಂಡರು. ಅವರ ಪತ್ನಿ ಮಾರ್ಗರೆಟ್ ಬ್ರ್ಯಾಂಡ್, ನೇತ್ರವೈದ್ಯವನ್ನು ಕೆಲಸ ಮಾಡುತ್ತಲೇ ಕಲಿತು, ಇದೇ ತತ್ತ್ವವನ್ನು ಕಣ್ಣಿಗೆ ಅನ್ವಯಿಸಿ, ಈ ರೋಗಿಗಳ ನೇತ್ರರಕ್ಷಣೆಗಾಗಿ ತಮ್ಮ ಜೀವಿತದ ಬಹುಭಾಗವನ್ನು ಮುಡಿಪಾಗಿಟ್ಟರು. ವೆಲ್ಲೂರಿನ ಸಮೀಪದ ಕರಿಗಿರಿಯಲ್ಲಿ 1955ರಿಂದ ನಡೆದುಬಂದ ಕುಷ್ಠರೋಗ ಸಂಶೋಧನಾ ಕೇಂದ್ರವು ಕಣ್ಣಿನ ವಿಷಯದಲ್ಲಿ ಮಾಡಿರುವ ಕೆಲಸವನ್ನು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಇನ್ನೂ ಹೆಚ್ಚಾಗಿ ಓದಬೇಕೆಂಬುದು ನನ್ನ ಬಯಕೆ.

ಕಣ್ಣಿನಲ್ಲಿ ಆಗುವ ಹಾನಿ ಒಂದೇ ಬಗೆಯದಲ್ಲ. ಮುಖದ ನರಕ್ಕೆ ಪೆಟ್ಟಾದರೆ ರೆಪ್ಪೆಯನ್ನು ಮುಚ್ಚುವ ಸ್ನಾಯುವು ಬಲಹೀನವಾಗಿ, ಮಲಗಿದಾಗಲೂ ಕಣ್ಣು ಅರೆತೆರೆದೇ ಇರುತ್ತದೆ. ಕಣ್ಣಿನ ಮುಂದಣ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಸ್ಪರ್ಶಜ್ಞಾನವನ್ನು ಕೊಡುವ ಇನ್ನೊಂದು ನರಕ್ಕೆ ಪೆಟ್ಟಾದರೆ, ಧೂಳು ಬಿದ್ದರೂ ಕೂದಲು ಉಜ್ಜಿದರೂ ತಿಳಿಯುವುದಿಲ್ಲ. ನಾವು ನಿಮಿಷಕ್ಕೆ ಸುಮಾರು ಹದಿನೈದು ಬಾರಿ ನಮಗರಿವಿಲ್ಲದೆಯೇ ರೆಪ್ಪೆ ಬಡಿದು ಕಣ್ಣನ್ನು ತೊಳೆದುಕೊಳ್ಳುವ ಕ್ರಿಯೆಗೆ ಪ್ರೇರಣೆಯಾದ, ಕಣ್ಣು ಒಣಗಿತೆಂಬ ಸಂವೇದನೆಯೂ ಅಲ್ಲಿ ಮಂದವಾಗುತ್ತದೆ. ಈ ಎರಡೂ ಒಂದೇ ಕಣ್ಣಿನಲ್ಲಿ ಸೇರಿದರೆ ಕಾರ್ನಿಯಾ ಒಣಗಿ, ಹುಣ್ಣಾಗಿ, ಬಿಳಿಯ ಹೂವು ಬಿದ್ದು ದೃಷ್ಟಿ ಹೋಗುತ್ತದೆ. ಪೊರೆಯನ್ನು ತೆಗೆದು ಮರಳಿ ತರಬಹುದಾದ ದೃಷ್ಟಿ ಅದಲ್ಲ. ಮೂರನೆಯದಾಗಿ, ಕ್ರಿಮಿಯು ಕಣ್ಣಪಾಪೆಯ ಸುತ್ತಣ ಬಣ್ಣದ ವರ್ತುಲವಾದ ಐರಿಸ್‌ನಲ್ಲಿಯೇ ನೆಲೆಸಿ, ಅಲ್ಲಿ ಉರಿಯೂತವನ್ನು ಹುಟ್ಟಿಸಬಹುದು. ಈ ಉರಿಯೂತವು ಕೆಲವೊಮ್ಮೆ ಕೆಂಪು, ನೋವು, ಬೆಳಕನ್ನು ಸಹಿಸಲಾರದ ಸ್ಥಿತಿಗಳೊಡನೆ ಉಗ್ರವಾಗಿ ಬರುತ್ತದೆ. ಆದರೆ ಹೆಚ್ಚು ಅಪಾಯಕಾರಿಯಾದುದು, ಯಾವ ನೋವನ್ನೂ ಕೊಡದೆ, ವರ್ಷಗಟ್ಟಲೆ ಮೌನವಾಗಿ ನಡೆದು, ಐರಿಸ್‌ನ್ನು ಸವೆಯಿಸಿ, ಪಾಪೆಯನ್ನು ಹಿಗ್ಗಿಸುವ ಸೂಕ್ಷ್ಮ ನರತಂತುಗಳನ್ನು ಕೊಂದು, ಕೊನೆಗೆ ಪಾಪೆಯನ್ನು ಸೂಜಿಯ ಮೊನೆಯಷ್ಟಕ್ಕೆ ಕುಗ್ಗಿಸಿಬಿಡುವ ಮಂದ ಉರಿಯೂತ.

ಈ ಕುಗ್ಗಿದ ಪಾಪೆಯ ಮಹತ್ವವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ಪೊರೆ ಎಷ್ಟು ಬಲಿತ ಮೇಲೆ ತೆಗೆಯಬೇಕೆಂಬ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಪೊರೆಯೆಂದರೆ ಕಣ್ಣಿನ ಹೊರಗೆ ಬೆಳೆಯುವ ಪದರವೆಂದು ಅನೇಕರು ಭಾವಿಸಿದ್ದಾರೆ; ವಾಸ್ತವವಾಗಿ ಅದು ಪಾಪೆಯ ಹಿಂದೆ ಇರುವ ಸ್ವಚ್ಛವಾದ ಮಸೂರವೇ ಮಬ್ಬಾಗುವುದು. ದೊಡ್ಡ ಕಿಟಕಿಯ ಗಾಜಿನ ನಡುವೆ ಅಂಗೈಯಗಲದ ಕಲೆಯಿದ್ದರೂ ಬದಿಗಳಿಂದ ಬೆಳಕು ಕೋಣೆಯೊಳಕ್ಕೆ ಬರುತ್ತದೆ. ಅದೇ ಕಲೆಯು ಅಂಗೈಯಗಲದ ಬೆಳಕಿಂಡಿಯನ್ನು ಕವಿದರೆ ಕೋಣೆಯೇ ಕತ್ತಲಾಗುತ್ತದೆ. ಸಾಮಾನ್ಯನ ಕಣ್ಣಿನಲ್ಲಿ ಮಸೂರದ ಮಧ್ಯೆ ಸಣ್ಣ ಮಬ್ಬೊಂದು ಹುಟ್ಟಿದಾಗ, ಮಂದವಾದ ಬೆಳಕಿನಲ್ಲಿ ಪಾಪೆಯು ಹಿಗ್ಗಿ, ಮಬ್ಬಿನ ಅಂಚಿನಾಚೆಯಿಂದ ಅವನಿಗೆ ದಾರಿ ಕಾಣುತ್ತದೆ. ಕುಷ್ಠರೋಗದಿಂದ ಪಾಪೆಯು ಸೂಜಿಮೊನೆಯಷ್ಟಾದವನಿಗೆ ಅಷ್ಟೇ ಸಣ್ಣ ಮಬ್ಬು ಪೂರ್ಣ ಅಂಧತ್ವವನ್ನು ತರಬಲ್ಲುದು. ಆದುದರಿಂದ, ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬನ್ನಿ ಎಂದು ಇಂಥವನನ್ನು ಹಿಂದಕ್ಕೆ ಕಳುಹಿಸುವುದು ಅನುಚಿತ. ಸ್ಪರ್ಶವೂ ಇಲ್ಲದ ಆ ವ್ಯಕ್ತಿಯು ಒಂದು ವರ್ಷ ಕುರುಡನಾಗಿ ಬಾಳುವಷ್ಟರಲ್ಲಿ ಆಗುವ ಸುಟ್ಟಗಾಯಗಳೂ ಕಾಲಿನ ವ್ರಣಗಳೂ ಅವನ ಉಳಿದ ಬೆರಳುಗಳನ್ನು ಕಸಿದುಕೊಳ್ಳಬಹುದು.

ಪೊರೆಗೆ ಕಾರಣಗಳಲ್ಲಿ ವಯಸ್ಸು ಮೊದಲನೆಯದು. ಐರಿಸ್‌ನ ದೀರ್ಘಕಾಲದ ಉರಿಯೂತವು ಎರಡನೆಯದು. ಮೂರನೆಯದು ಚಿಕಿತ್ಸೆಯಿಂದಲೇ ಬರುವಂಥದು: ಕುಷ್ಠರೋಗದ ನಡುವೆ, ಅಥವಾ ಔಷಧ ಮುಗಿದ ಮೇಲೆಯೂ, ಶರೀರದ ರಕ್ಷಣಾಶಕ್ತಿಯು ಕ್ರಿಮಿಗಳ ವಿರುದ್ಧ ಇದ್ದಕ್ಕಿದ್ದಂತೆ ಕೆರಳಿ ನರಗಳನ್ನು ಊದಿಸುವ ಸ್ಥಿತಿಯುಂಟು; ವೈದ್ಯರು ಇದನ್ನು ರಿಯಾಕ್ಷನ್ ಎನ್ನುತ್ತಾರೆ. ಆಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡದಿದ್ದರೆ ನರವು ಶಾಶ್ವತವಾಗಿ ಸಾಯಬಹುದು, ಕೊಟ್ಟರೆ ಮಸೂರದ ಹಿಂಬದಿಯಲ್ಲಿ ಪೊರೆ ಹುಟ್ಟಬಹುದು. ಸತ್ತ ನರವನ್ನು ಬದುಕಿಸಲು ಸಾಧ್ಯವಿಲ್ಲ, ಬಂದ ಪೊರೆಯನ್ನು ತೆಗೆಯಲು ಸಾಧ್ಯವಿದೆ. ಹೀಗಿರುವಾಗ ಕಣ್ಣಿಗೆ ಹೆದರಿ ಆ ಮಾತ್ರೆಯನ್ನು ರೋಗಿಯು ತಾನಾಗಿ ನಿಲ್ಲಿಸತಕ್ಕದ್ದಲ್ಲ.

ಪೊರೆಯ ಶಸ್ತ್ರಚಿಕಿತ್ಸೆ ನಮ್ಮ ನಾಡಿಗೆ ಹೊಸತಲ್ಲ. ಸುಶ್ರುತನ ಕಾಲದಲ್ಲಿ ಶಲಾಕೆಯಿಂದ ಮಸೂರವನ್ನು ದೃಷ್ಟಿಪಥದಿಂದ ಪಕ್ಕಕ್ಕೆ ಸರಿಸುತ್ತಿದ್ದರು. ನಮಗೆ ಹತ್ತಿರದ ಕಾಲಕ್ಕೆ ಬಂದರೆ, ಬೀಳಗಿಯಲ್ಲಿ ಹುಟ್ಟಿ, ದಾವಣಗೆರೆಯನ್ನು ತಮ್ಮ ಸೇವೆಯ ಒಂದು ನೆಲೆಯನ್ನಾಗಿ ಮಾಡಿಕೊಂಡು, ಊರೂರಿಗೆ ಹೋಗಿ ನೇತ್ರ ಶಿಬಿರಗಳನ್ನು ನಡೆಸಿದ ಡಾಕ್ಟರ್ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರನ್ನು ಕನ್ನಡಿಗರು ಎಂದೂ ಮರೆಯಲಾರರು. ಒಂದೇ ದಿನದಲ್ಲಿ ಎಂಟುನೂರಕ್ಕೂ ಹೆಚ್ಚು ಮಂದಿಯ ಪೊರೆಯನ್ನು ತೆಗೆದ ಆ ಮಹನೀಯರು 2005ರಲ್ಲಿ ತೀರಿಕೊಂಡರು. ಆ ಕಾಲದ ಶಿಬಿರಗಳಲ್ಲಿ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಅದರ ಸ್ಥಾನದಲ್ಲಿ ಬೇರೊಂದನ್ನು ಇಡುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು, ಜನರು ಸೋಡಾಬುಡ್ಡಿಯೆಂದು ಕರೆಯುತ್ತಿದ್ದ ದಪ್ಪ ಗಾಜಿನ ಕನ್ನಡಕವನ್ನು ಜೀವಮಾನವೆಲ್ಲಾ ಧರಿಸಬೇಕಾಗಿತ್ತು. ಕೋಟ್ಯಂತರ ಮಂದಿಗೆ ದೃಷ್ಟಿಯನ್ನು ಕೊಟ್ಟ ಆ ಕನ್ನಡಕವು ಕುಷ್ಠರೋಗಿಗೆ ಮಾತ್ರ ಅಷ್ಟಾಗಿ ಒದಗಿಬರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಮೂಗಿನ ಮೃದ್ವಸ್ಥಿಯು ನಶಿಸಿ ಮೂಗಿನ ಸೇತುವೆಯೇ ಕುಸಿದವನ ಮುಖದ ಮೇಲೆ ಆ ಭಾರದ ಗಾಜು ಎಲ್ಲಿ ನಿಲ್ಲಬೇಕು? ಜಾರಿದ ಕನ್ನಡಕವನ್ನು ಮಡಿಚಿಹೋದ ಬೆರಳುಗಳಿಂದ ಮೇಲಕ್ಕೆ ಸರಿಸುವುದು ಹೇಗೆ? ಅದು ಬಿದ್ದು ಒಡೆದರೆ ಮರಳಿ ಕುರುಡುತನವೇ ಗತಿಯಾಗಿತ್ತು.

ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಕೃತಕ ಮಸೂರವೊಂದನ್ನು ಮೊದಲ ಬಾರಿಗೆ ಮನುಷ್ಯನ ಕಣ್ಣಿನೊಳಗೆ ಇರಿಸಿದಾಗ, ಆ ಸಾಧನೆಯಿಂದ ಅತ್ಯಧಿಕವಾಗಿ ಉಪಕೃತರಾಗಬೇಕಾಗಿದ್ದವರು ಇವರೇ. ಆದರೆ ಉರಿಯೂತಕ್ಕೆ ಒಳಗಾದ ಕಣ್ಣಿನಲ್ಲಿ ಪರವಸ್ತುವೊಂದನ್ನು ಇಟ್ಟರೆ ಮತ್ತೆ ಕೆರಳೀತೆಂಬ ಭಯದಿಂದ ನೇತ್ರವೈದ್ಯರು ಬಹುಕಾಲ ಹಿಂಜರಿದರು. ಆ ಭಯವು ನಿರಾಧಾರವೆನ್ನಲಾಗದು. ಅಂದಿನ ಮಸೂರಗಳೂ ಅವುಗಳನ್ನು ಇಡುವ ವಿಧಾನವೂ ಇಂದಿನಷ್ಟು ಪರಿಷ್ಕೃತವಾಗಿರಲಿಲ್ಲ. ಮಸೂರದ ಸಹಜ ಕೋಶವನ್ನು ಹಾಗೆಯೇ ಉಳಿಸಿಕೊಂಡು ಅದರೊಳಗೆ ಕೃತಕ ಮಸೂರವನ್ನಿಡುವ ಕ್ರಮವು ರೂಢಿಗೆ ಬಂದ ಮೇಲೆ, ಉರಿಯೂತವನ್ನು ಶಮನಗೊಳಿಸಿ ಶಸ್ತ್ರಚಿಕಿತ್ಸೆ ಮಾಡಿದರೆ ಇವರ ಕಣ್ಣಿನಲ್ಲಿಯೂ ಅದು ಸುರಕ್ಷಿತವಾಗಿ ನಿಲ್ಲುತ್ತದೆಯೆಂಬುದನ್ನು ಭಾರತದ ವೈದ್ಯರ ಅನುಭವವೇ ತೋರಿಸಿಕೊಟ್ಟಿತು. ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿ ಮಸೂರದ ಬೆಲೆಯನ್ನು ಬಡವರ ಮಟ್ಟಕ್ಕೆ ಇಳಿಸಿದ ಮೇಲೆ, ಹಣದ ಅಡ್ಡಿಯೂ ಬಹುಮಟ್ಟಿಗೆ ದೂರವಾಯಿತು.

ಹಾಗಾದರೆ ಈ ಶಸ್ತ್ರಚಿಕಿತ್ಸೆಯಲ್ಲಿ ವಿಶೇಷವಾದ ಎಚ್ಚರವೇನು? ಎಲ್ಲಕ್ಕಿಂತ ಮೊದಲು ರೆಪ್ಪೆಯನ್ನು ನೋಡಬೇಕು. 'ಅಜ್ಜಾ, ನಿದ್ದೆ ಮಾಡುವ ಹಾಗೆ ಮೆಲ್ಲಗೆ ಕಣ್ಣು ಮುಚ್ಚಿ' ಎಂದು ಹೇಳಿ, ರೆಪ್ಪೆಗಳ ನಡುವೆ ಬಿರುಕು ಉಳಿಯುತ್ತದೆಯೇ ಎಂದು ಪರೀಕ್ಷಿಸುವುದಕ್ಕೆ ಯಾವ ಯಂತ್ರವೂ ಬೇಡ. ಬಿರುಕು ಉಳಿಯುವ ಕಣ್ಣಿನಲ್ಲಿ ಪೊರೆಯನ್ನು ತೆಗೆದರೆ, ಮುಚ್ಚದ ಕಣ್ಣಿನ ಹೊಸ ಗಾಯಕ್ಕೆ ನಂಜು ತಗಲಿ ಇರುವ ಕಣ್ಣೂ ಹೋಗಬಹುದು. ರೆಪ್ಪೆಯ ಈ ದೌರ್ಬಲ್ಯವು ಆರು ತಿಂಗಳೊಳಗಿನದಾದರೆ ಸ್ಟೀರಾಯ್ಡ್ ಚಿಕಿತ್ಸೆಯಿಂದ ಸುಧಾರಿಸುವ ಸಂಭವವುಂಟು. ಹಳೆಯದಾದರೆ ರೆಪ್ಪೆಗೆ ಮೊದಲು ಶಸ್ತ್ರಚಿಕಿತ್ಸೆಯಾಗಬೇಕು. ರೆಪ್ಪೆಗಳ ಅಂಚನ್ನು ಸ್ವಲ್ಪ ದೂರ ಸೇರಿಸಿ ಹೊಲಿಯುವುದು ಸರಳವಾದ ವಿಧಾನ. ಇನ್ನೊಂದು ವಿಧಾನವಂತೂ ಮಾನವ ಬುದ್ಧಿಯ ಕೌಶಲಕ್ಕೆ ಸಾಕ್ಷಿಯಾಗಿದೆ: ಕಣತಲೆಯಲ್ಲಿ, ಅಗಿಯುವಾಗ ಕೆಲಸ ಮಾಡುವ ಸ್ನಾಯುವಿನ ಒಂದು ಪಟ್ಟಿಯನ್ನು ರೆಪ್ಪೆಗಳಿಗೆ ತಂದು ಜೋಡಿಸುತ್ತಾರೆ, ಆ ಮೇಲೆ ರೋಗಿಯು ಹಲ್ಲು ಕಚ್ಚಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತದೆ, ಊಟ ಮಾಡುವ ಪ್ರತಿಯೊಂದು ತುತ್ತಿಗೂ ಕಣ್ಣು ತೇವಗೊಳ್ಳುತ್ತದೆ.

ರೆಪ್ಪೆಯ ಅನಂತರ ಕಣ್ಣೀರಿನ ನಾಳ. ಮೂಗಿನೊಳಗಿನ ಹಾನಿಯಿಂದ ಈ ನಾಳವು ಕಟ್ಟಿಕೊಂಡು, ಮೂಲೆಯ ಚೀಲದಲ್ಲಿ ಕೀವು ನಿಂತಿರುವುದು ಇವರಲ್ಲಿ ಉಂಟು. ಅದನ್ನು ಸರಿಪಡಿಸದೆ ಕಣ್ಣನ್ನು ತೆರೆಯುವುದು ವಿಪತ್ತಿಗೆ ಆಹ್ವಾನ. ಕಾರ್ನಿಯಾದಲ್ಲಿ ಸ್ಪರ್ಶಜ್ಞಾನವಿದೆಯೇ, ಹುಣ್ಣಿದೆಯೇ ಎಂಬುದನ್ನು ನೋಡಬೇಕು. ಐರಿಸ್‌ನ ಉರಿಯೂತವು ಕನಿಷ್ಠ ಮೂರು ತಿಂಗಳ ಕಾಲ ಶಾಂತವಾಗಿರಬೇಕೆಂಬುದು ಸಾಮಾನ್ಯವಾಗಿ ಪಾಲಿಸತಕ್ಕ ನಿಯಮ. ರಿಯಾಕ್ಷನ್ ನಡೆಯುತ್ತಿರುವಾಗ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ. ಶಸ್ತ್ರಚಿಕಿತ್ಸೆಯ ಮುನ್ನವೂ ಅನಂತರವೂ ಸ್ಟೀರಾಯ್ಡ್ ಹನಿಗಳನ್ನು ಇತರರಿಗಿಂತ ಧಾರಾಳವಾಗಿ ಬಳಸುತ್ತಾರೆ. ಶಸ್ತ್ರಕ್ರಿಯೆಯ ಸಮಯದಲ್ಲಿ ಎದುರಾಗುವ ಮುಖ್ಯ ತೊಡಕು ಆ ಸಣ್ಣ ಪಾಪೆಯೇ. ಹನಿ ಹಾಕಿದರೆ ಇತರರ ಪಾಪೆಯು ಹಿಗ್ಗುವಂತೆ ಇವರದು ಹಿಗ್ಗುವುದಿಲ್ಲ. ಅದು ಹಿಂದಣ ಮಸೂರಕ್ಕೆ ಅಂಟಿಕೊಂಡಿರುವುದೂ ಉಂಟು. ಆಗ ವೈದ್ಯನು ಅಂಟನ್ನು ನವುರಾಗಿ ಬಿಡಿಸಿ, ದಪ್ಪನೆಯ ಪಾರದರ್ಶಕ ದ್ರವವನ್ನು ತುಂಬಿ ಪಾಪೆಯನ್ನು ಅಗಲಿಸಿ, ಅಷ್ಟಕ್ಕೂ ಸಾಲದಿದ್ದರೆ ಸೂಕ್ಷ್ಮವಾದ ಕೊಕ್ಕೆಗಳಿಂದ ಅದರ ಅಂಚನ್ನು ಹಿಡಿದೆಳೆದು ಅಥವಾ ಅಂಚಿನಲ್ಲಿ ಸಣ್ಣ ಸಣ್ಣ ಕತ್ತರಿಕೆಗಳನ್ನು ಮಾಡಿ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಇದಕ್ಕೆ ಅನುಭವ ಬೇಕು, ಸಮಯ ಬೇಕು. ಬೆಳಗಿನಿಂದ ಸಂಜೆಯವರೆಗೆ ಸಾಲಾಗಿ ಬರುವ ನೂರು ಸಾಧಾರಣ ಕಣ್ಣುಗಳಿಗೆಂದು ಏರ್ಪಟ್ಟ ಶಿಬಿರದಲ್ಲಿ ಇಂಥ ಕಣ್ಣೊಂದು ಬಂದರೆ, ಅದನ್ನು ಪಕ್ಕಕ್ಕಿಡುವ ಪ್ರವೃತ್ತಿ ಸಹಜ. ಪಕ್ಕಕ್ಕಿಟ್ಟವರನ್ನು ಹೆಚ್ಚಿನ ಸೌಕರ್ಯವಿರುವ ಆಸ್ಪತ್ರೆಗೆ, ನಿಶ್ಚಿತವಾದ ದಿನಾಂಕವೊಂದನ್ನು ಕೊಟ್ಟು, ಕಳುಹಿಸಬೇಕೆಂಬುದಷ್ಟೇ ನನ್ನ ಕೋರಿಕೆ.

ಶಸ್ತ್ರಚಿಕಿತ್ಸೆಯ ಅನಂತರದ ಆರು ವಾರಗಳಲ್ಲಿ ಮನೆಯವರ ಹೊಣೆ ವೈದ್ಯನದಕ್ಕಿಂತ ಕಡಿಮೆಯಲ್ಲ. ದಿನಕ್ಕೆ ಅನೇಕ ಬಾರಿ ಹನಿ ಹಾಕಬೇಕು; ಹೆಬ್ಬೆರಳು ಬಲಗುಂದಿ ಬೆರಳುಗಳು ಕೊಕ್ಕೆಯಾದವರು ಆ ಪುಟ್ಟ ಶೀಷೆಯನ್ನು ಹಿಡಿದು ಹಿಂಡಲಾರರು, ಹಿಂಡಿದರೂ ಶೀಷೆಯ ಮೂತಿ ಕಣ್ಣಿಗೆ ತಗಲಿದ್ದು ಅವರಿಗೆ ತಿಳಿಯದು. ಮಗಳೋ ಸೊಸೆಯೋ ನೆರೆಯವರೋ ಇದನ್ನು ವಹಿಸಿಕೊಳ್ಳಬೇಕು. ಯಾರೂ ಇಲ್ಲದವರನ್ನು ಕೆಲವು ದಿನ ಹೆಚ್ಚಾಗಿ ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳಬೇಕು. ಪಟ್ಟಿ ಕಟ್ಟುವಾಗ ಅದರ ಕೆಳಗೆ ರೆಪ್ಪೆಯು ಪೂರ್ತಿ ಮುಚ್ಚಿದೆಯೇ ಎಂದು ನೋಡದಿದ್ದರೆ, ಪಟ್ಟಿಯ ಬಟ್ಟೆಯೇ ಕಾರ್ನಿಯಾವನ್ನು ಉಜ್ಜಿ ಗಾಯಮಾಡುತ್ತದೆ. ಎಲ್ಲ ರೋಗಿಗಳಿಗೂ ಆಸ್ಪತ್ರೆಯವರು ಹೇಳಿಕಳುಹಿಸುವ ಮಾತು, ನೋವಾದರೆ ಕೂಡಲೇ ಬನ್ನಿ ಎಂಬುದು. ಈ ರೋಗಿಗೆ ಆ ಮಾತು ಸಾಲದು. ಅವನ ಕಣ್ಣಿಗೆ ನಂಜಾದರೂ ನೋವು ಅಷ್ಟಾಗಿ ಕಾಣಿಸದೆ ಹೋಗಬಹುದು. ಕೆಂಪಾದರೆ, ನೀರು ಸುರಿದರೆ, ನಿನ್ನೆಗಿಂತ ಇಂದು ಮಂಜಾಗಿ ಕಂಡರೆ, ನೋವಿಲ್ಲದಿದ್ದರೂ ಅದೇ ದಿನ ಬರಬೇಕೆಂದು ಅವನಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು. ಯಾವುದಾದರೊಂದು ನೆಪದಿಂದ ರೆಪ್ಪೆ ಬಡಿಯುವುದನ್ನು ನೆನಪಿಟ್ಟುಕೊಳ್ಳುವಂತೆ ಮಾರ್ಗರೆಟ್ ಬ್ರ್ಯಾಂಡರಂಥವರ ಪರಂಪರೆಯಲ್ಲಿ ರೋಗಿಗಳಿಗೆ ಕಲಿಸುತ್ತಾರೆ. ಬಾಗಿಲು ದಾಟುವಾಗೊಮ್ಮೆ, ದೇವರ ದೀಪ ಕಂಡಾಗೊಮ್ಮೆ ಬುದ್ಧಿಪೂರ್ವಕವಾಗಿ ಕಣ್ಣು ಮುಚ್ಚಿ ತೆರೆಯುವ ಅಭ್ಯಾಸವನ್ನು ಮುದುಕರೂ ಕಲಿಯಬಲ್ಲರು.

ಇಷ್ಟೆಲ್ಲ ಇದ್ದರೂ ನಿಜವಾದ ಅಡ್ಡಿಯು ಪಾಪೆಯ ಗಾತ್ರಕ್ಕಿಂತ, ಸೋಂಕು ತಗಲೀತೆಂಬ ಮನುಷ್ಯನ ಭಯದಲ್ಲಿದೆ. ಕುಷ್ಠರೋಗಕ್ಕೆ ಕೊಡುವ ಬಹುಔಷಧ ಚಿಕಿತ್ಸೆಯಲ್ಲಿ ಮೊದಲನೆಯ ಬಾರಿ ಕೊಡುವ ರಿಫಾಂಪಿಸಿನ್ ಎಂಬ ಔಷಧವೊಂದೇ ಶರೀರದಲ್ಲಿನ ಜೀವಂತ ಕ್ರಿಮಿಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚಿನವನ್ನು ಕೊಲ್ಲುತ್ತದೆ. ಆರು ತಿಂಗಳು ಅಥವಾ ಹನ್ನೆರಡು ತಿಂಗಳ ಚಿಕಿತ್ಸೆಯನ್ನು ಮುಗಿಸಿ ವರ್ಷಗಳೇ ಕಳೆದವನಿಂದ ಯಾರಿಗೂ ಸೋಂಕು ತಗಲುವುದಿಲ್ಲ. ಜನರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಈ ಕ್ರಿಮಿಯನ್ನು ಎದುರಿಸುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಪ್ರತಿಯೊಬ್ಬ ರೋಗಿಯ ಅನಂತರವೂ ಉಪಕರಣಗಳನ್ನು ಶುದ್ಧಿಗೊಳಿಸುವ ಸಾಮಾನ್ಯ ಕ್ರಮವೇ ಇಲ್ಲಿಯೂ ಸಾಕು. ಪ್ರತ್ಯೇಕವಾದ ಶಸ್ತ್ರಕ್ರಿಯಾ ಕೊಠಡಿಯಾಗಲಿ, ಪ್ರತ್ಯೇಕವಾದ ದಿನವಾಗಲಿ, ಪ್ರತ್ಯೇಕವಾದ ಹಾಸಿಗೆಯಾಗಲಿ ಬೇಕಾಗಿಲ್ಲ. ಆದರೂ ಕೈಬೆರಳಿಲ್ಲದವನು ನೇತ್ರ ಶಿಬಿರದ ಸಾಲಿನಲ್ಲಿ ಬಂದು ನಿಂತಾಗ ಪಕ್ಕದವರು ಸರಿದು ನಿಲ್ಲುವುದನ್ನು ಅವನು ಬಲ್ಲ; ಮಬ್ಬುಗಣ್ಣಿನಲ್ಲಿಯೂ ಅದು ಅವನಿಗೆ ಕಾಣುತ್ತದೆ. ಆದುದರಿಂದ ಅವನು ಶಿಬಿರಕ್ಕೆ ಬರುವುದೇ ಇಲ್ಲ.

ಈ ಭಯಕ್ಕೆ ಒಂದು ಕಾಲದಲ್ಲಿ ಶಾಸನದ ಬೆಂಬಲವೂ ಇತ್ತು. ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿದ್ದ 1898ರ ಕುಷ್ಠರೋಗಿಗಳ ಕಾಯಿದೆಯು ರದ್ದಾದುದು 2016ರಲ್ಲಿ. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯಿದೆಯು ಕುಷ್ಠರೋಗದಿಂದ ಗುಣಮುಖರಾದವರನ್ನು ಹಕ್ಕುದಾರರ ಸಾಲಿನಲ್ಲಿ ಸೇರಿಸಿತು. ಪತಿ ಅಥವಾ ಪತ್ನಿಗೆ ಈ ರೋಗವಿದೆಯೆಂಬುದನ್ನು ವಿವಾಹ ವಿಚ್ಛೇದನಕ್ಕೆ ಕಾರಣವನ್ನಾಗಿ ಮಾಡಿದ್ದ ವಿಧಿಗಳು 2019ರಲ್ಲಿ ತೆಗೆದುಹಾಕಲ್ಪಟ್ಟವು. ಶಾಸನಕ್ಕೆ ಮುಂಚೆಯೇ ದಾರಿ ತೋರಿಸಿದವರೂ ನಮ್ಮಲ್ಲಿ ಇದ್ದರು. ಸಂಸ್ಕೃತ ವಿದ್ವಾಂಸರಾಗಿದ್ದು ಈ ರೋಗಕ್ಕೆ ತುತ್ತಾದ ಪರಚುರೆ ಶಾಸ್ತ್ರಿಗಳನ್ನು ಗಾಂಧೀಜಿಯವರು ಸೇವಾಗ್ರಾಮದಲ್ಲಿ ಇರಿಸಿಕೊಂಡು ಸ್ವತಃ ಶುಶ್ರೂಷೆ ಮಾಡಿದರು. ಗಾಂಧೀಜಿಯವರು ನಿಧನರಾದ ಜನವರಿ 30ನ್ನು ದೇಶವು ಕುಷ್ಠರೋಗ ನಿವಾರಣಾ ದಿನವಾಗಿ ಆಚರಿಸುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ರೋಗಿಗಳಿಗೆ ಆಶ್ರಯವನ್ನು ಕಲ್ಪಿಸಿದರು; ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ 1977ರಲ್ಲಿ ಆರಂಭವಾದ ಸುಮನಹಳ್ಳಿಯು ಇವರಿಗೆ ಉದ್ಯೋಗವನ್ನೂ ಗೌರವವನ್ನೂ ಕೊಡುವ ಕಾರ್ಯವನ್ನು ನಡೆಸಿಕೊಂಡು ಬಂದಿದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಆಗಬೇಕಾದುದು ಏನೆಂಬುದನ್ನು ಯೋಚಿಸಿದರೆ, ಹೊಸ ಸಂಸ್ಥೆಯ ಅವಶ್ಯಕತೆ ನನಗೆ ಕಾಣುವುದಿಲ್ಲ. 1983ರಿಂದ ನಡೆಯುತ್ತಿರುವ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮವು ಒಂದು ಕಡೆ, 1976ರಿಂದ ನಡೆಯುತ್ತಿರುವ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಇನ್ನೊಂದು ಕಡೆ, ಎರಡೂ ಒಂದೇ ಆರೋಗ್ಯ ಇಲಾಖೆಯ ಆಶ್ರಯದಲ್ಲಿ ಕೆಲಸ ಮಾಡುತ್ತಿವೆ. ಜನವರಿಯ ಕೊನೆಯಲ್ಲಿ ಕುಷ್ಠರೋಗದ ಜಾಗೃತಿಗಾಗಿ ಸ್ಪರ್ಶ್ ಅಭಿಯಾನವು ನಡೆಯುವಾಗ, ಪ್ರಾಥಮಿಕ ಆರೋಗ್ಯ ಕೇಂದ್ರದ ಹಳೆಯ ದಾಖಲೆಯಲ್ಲಿ ಹೆಸರಿರುವ ಪ್ರತಿಯೊಬ್ಬರ ಮನೆಗೂ ಆಶಾ ಕಾರ್ಯಕರ್ತೆಯು ಹೋಗಿ, ಆರು ಮೀಟರ್ ದೂರದಿಂದ ಬೆರಳೆಣಿಸಲು ಹೇಳಿ, ಮೆಲ್ಲಗೆ ಕಣ್ಣು ಮುಚ್ಚಲು ಹೇಳಿ, ಎರಡರ ಫಲಿತವನ್ನು ಬರೆದುಕೊಳ್ಳಲಿ. ಆ ದೂರದಿಂದ ಬೆರಳೆಣಿಸಲಾರದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗದ ತೀವ್ರ ಅಂಗವೈಕಲ್ಯವೆಂದು, ಎರಡನೆಯ ದರ್ಜೆಯಲ್ಲಿ ಗಣಿಸಿದೆ. ಆ ಪಟ್ಟಿಯನ್ನು ನೇತ್ರ ವಿಭಾಗಕ್ಕೆ ತಲಪಿಸಿ, ರೆಪ್ಪೆ ಮುಚ್ಚುವವರಿಗೆ ಪೊರೆಯ ಶಸ್ತ್ರಚಿಕಿತ್ಸೆಯ ದಿನವನ್ನೂ, ಮುಚ್ಚದವರಿಗೆ ರೆಪ್ಪೆಯ ಶಸ್ತ್ರಚಿಕಿತ್ಸೆಯ ದಿನವನ್ನೂ ಗೊತ್ತುಮಾಡಬಹುದು. ಸವಳಂಗ, ನ್ಯಾಮತಿ, ಶಿಕಾರಿಪುರದ ಕಡೆಯಿಂದ ಬರುವವರಿಗೂ ಭದ್ರಾವತಿಯ ಕಡೆಯಿಂದ ಬರುವವರಿಗೂ ಜೊತೆಯಾಗಿ ಬರಲು ಒಬ್ಬರನ್ನೂ ಬಸ್ಸಿನ ಖರ್ಚನ್ನೂ ಒದಗಿಸುವುದು ಕಷ್ಟವಾಗಲಾರದು.

ಇನ್ನೊಂದು ವಿಷಯ. ಹೀಗೆ ದೃಷ್ಟಿ ಪಡೆದವರಲ್ಲಿ ಕೆಲವರು ಒಂದೆರಡು ವರ್ಷಗಳ ತರುವಾಯ, ಪೊರೆ ಮತ್ತೆ ಬೆಳೆಯಿತು ಎಂದು ನಿರಾಶರಾಗುತ್ತಾರೆ. ತೆಗೆದ ಪೊರೆ ಮತ್ತೆ ಬೆಳೆಯುವುದಿಲ್ಲ. ಕೃತಕ ಮಸೂರದ ಹಿಂದೆ ಉಳಿಸಿಕೊಂಡ ಸಹಜ ಕೋಶವು ಮಬ್ಬಾಗಿರುತ್ತದೆ, ಉರಿಯೂತಕ್ಕೆ ಒಳಗಾಗಿದ್ದ ಕಣ್ಣುಗಳಲ್ಲಿ ಇದರ ಸಂಭವ ಹೆಚ್ಚು. ಕತ್ತಿಯಿಲ್ಲದೆ, ಲೇಸರ್ ಕಿರಣದಿಂದ, ಕೆಲವೇ ನಿಮಿಷಗಳಲ್ಲಿ ಆ ಮಬ್ಬಿನ ನಡುವೆ ದಾರಿ ಮಾಡಿಕೊಡುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೆಯೂ ವರ್ಷಕ್ಕೊಮ್ಮೆಯಾದರೂ ಕಣ್ಣನ್ನೂ ರೆಪ್ಪೆಯನ್ನೂ ತೋರಿಸಿಕೊಂಡು ಹೋಗಬೇಕೆಂದು ಅವರಿಗೆ ತಿಳಿಸಿ, ಮುಂದಿನ ಭೇಟಿಯ ತಾರೀಖನ್ನು ಅವರ ಚೀಟಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದುಕೊಡತಕ್ಕದ್ದು.